ಬೇರಿನ ಕೋಶ ಸುತ್ತುವ ಮೂಡೆ

ಅಷ್ಟಮಿಗೆ ನಮ್ಮ ಮನೆಯಲ್ಲಿ ಮೂಡೆ ಆಗಲೇಬೇಕು. ಹಿಂದಿನ ದಿನ ಜಗಲಿ ತುಂಬ ಕೇದಗೆ ಎಲೆ, ತುಳುವಿನಲ್ಲಿ ಮುಂಡೇವು ಅನ್ನುತ್ತೇವಲ್ಲ, ಅದು. ಅಂಚಿನ ಮುಳ್ಳು ಸೀಳಿ ತೆಗೆದು, ಬೆಂಕಿಗೆ ಹಿಡಿದು ಬಾಡಿಸಿದ ಪಟ್ಟಿಗಳು. ದೊಡ್ಡಮ್ಮ ಒಂದೊಂದೇ ಪಟ್ಟಿಯನ್ನು ಸುತ್ತಿ ಸುತ್ತಿ ಕೊಳವೆ ಮಾಡುತ್ತಾರೆ. ಅಲ್ಲಲ್ಲಿ ಮುಳ್ಳು ಚುಚ್ಚಿ ನಿಲ್ಲಿಸುತ್ತಾರೆ. ಮರುದಿನ ಹಿಟ್ಟು ಹೊಯ್ದು ಹಬೆಗಿಟ್ಟರೆ ಹಿಟ್ಟು ಉಬ್ಬುತ್ತದೆ. ಆದರೆ ಪಕ್ಕಕ್ಕೆ ಹೋಗುವುದಿಲ್ಲ, ಮೇಲಕ್ಕೇ ಏರುತ್ತದೆ. ಕಳೆದ ವರ್ಷ ನಾನು ಸುತ್ತಿದ ಎರಡು ಮೂಡೆ ಮಾತ್ರ ನಡುವಿನಲ್ಲಿ ಉಬ್ಬಿ ಚೊಂಬಿನ ಹಾಗೆ ಕಂಡವು. ದೊಡ್ಡಮ್ಮ ನೋಡಿ ಹೇಳಿದ್ದು ಇಷ್ಟೇ: "ಸುತ್ತು ಸಡಿಲ ಆಯ್ತು ಮಗಾ. ಸುತ್ತು ಬಿಗಿ ಇಲ್ಲದಿದ್ರೆ ಹೊಟ್ಟೆ ಬರ್ತದೆ."

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಬೇರಿನ ಕೋಶದ ಬಗ್ಗೆ ಬೋರ್ಡಿನ ಮೇಲೆ ಎಷ್ಟೋ ಚಿತ್ರ ಬರೆದಿದ್ದೇನೆ. ಆ ಚಿತ್ರಗಳಿಗಿಂತ ದೊಡ್ಡಮ್ಮನ ಮಾತು ಹೆಚ್ಚು ಸ್ಪಷ್ಟವಾಗಿತ್ತು. ಬೇರು ಉದ್ದಕ್ಕೆ ಬೆಳೆಯುವುದು ಮೂಡೆಯ ಹಾಗೆಯೇ. ಒಳಗೆ ಉಬ್ಬುವ ಒತ್ತಡ, ಹೊರಗೆ ಅಡ್ಡಡ್ಡ ಸುತ್ತಿದ ನಾರು. ಆದರೆ ಕೋಶಕ್ಕೆ ಸುತ್ತಿ ಕೊಡುವ ದೊಡ್ಡಮ್ಮ ಇಲ್ಲ. ತನ್ನ ಸುತ್ತನ್ನು ತಾನೇ ಸುತ್ತಿಕೊಳ್ಳಬೇಕು. ಅದೂ ಹಿಟ್ಟು ಉಬ್ಬುತ್ತಿರುವಾಗಲೇ, ನಿಲ್ಲಿಸದೆ. ಯಾವುದು ಅಡ್ಡ, ಯಾವುದು ಉದ್ದ ಅಂತ ಕಣ್ಣಿಲ್ಲದ ಕೋಶಕ್ಕೆ ಗೊತ್ತಾಗುವುದು ಹೇಗೆ? ಈ ಲೇಖನ ಅದರ ಬಗ್ಗೆ.

ಮೊದಲು ಬೇರು ಎಲ್ಲಿ ಬೆಳೆಯುತ್ತದೆ ಅಂತ ನೋಡೋಣ. ಇದನ್ನು ಮನೆಯಲ್ಲೇ ಮಾಡಬಹುದು. ನಾಲ್ಕು ಅಲಸಂಡೆ ಕಾಳನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇರು ಎರಡು ಸೆಂಟಿಮೀಟರ್ ಆದಾಗ, ತುದಿಯಿಂದ ಮೇಲಕ್ಕೆ ಮಿಲಿಮೀಟರಿಗೆ ಒಂದರಂತೆ ತೆಳು ಪೆನ್ನಿನಿಂದ ಚುಕ್ಕಿ ಇಡಿ. ಮರುದಿನ ಬಿಚ್ಚಿ ನೋಡಿ. ಮೇಲಿನ ಚುಕ್ಕಿಗಳು ಇಟ್ಟಲ್ಲೇ ಇರುತ್ತವೆ. ತುದಿಯ ಹತ್ತಿರದ ಕೆಲವು ಚುಕ್ಕಿ ಮಾತ್ರ ಒಂದರಿಂದ ಒಂದು ದೂರ ಸರಿದಿರುತ್ತವೆ. ಜರ್ಮನಿಯ ಯೂಲಿಯುಸ್ ಸಾಕ್ಸ್ 19ನೇ ಶತಮಾನದಲ್ಲಿ ಮಾಡಿದ ಪ್ರಯೋಗ ಇದು. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ವಿಷಯ ಹೇಳುವ ಪ್ರಯೋಗ ನನಗೆ ಇನ್ನೊಂದು ಗೊತ್ತಿಲ್ಲ.

ಅಂದರೆ ಇಡೀ ಬೇರು ಬೆಳೆಯುವುದಿಲ್ಲ. ತುದಿಯ ಟೋಪಿಯ ಹಿಂದೆ ಒಂದು ಚಿಕ್ಕ ಜಾಗದಲ್ಲಿ ಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಅದರ ಹಿಂದಿನ ಜಾಗದಲ್ಲಿ ಕೋಶಗಳು ಒಡೆಯುವುದನ್ನು ನಿಲ್ಲಿಸಿ ಉದ್ದವಾಗತೊಡಗುತ್ತವೆ. ಇನ್ನೂ ಹಿಂದೆ ಹೋದರೆ ಬೆಳೆದು ಮುಗಿದ ಕೋಶಗಳು, ಅವುಗಳ ಮೇಲೆ ಬೇರಿನ ಕೂದಲು. ನೆಲವನ್ನು ತೂರಿಕೊಂಡು ತುದಿ ಮುಂದೆ ಹೋಗುವುದು ನಡುವಿನ ಆ ಉದ್ದವಾಗುವ ಜಾಗದ ಬಲದಿಂದ. ಅಲ್ಲಿ ಸುಮಾರು 10 ಮೈಕ್ರಾನ್ ಉದ್ದದ ಕೋಶ ಕೆಲವೇ ಗಂಟೆಗಳಲ್ಲಿ 100 ಮೈಕ್ರಾನ್ ದಾಟುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಉದ್ದ ಹತ್ತು ಪಟ್ಟಾದರೂ ಅಗಲ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ.

ಉಬ್ಬಿಸುವುದು ನೀರು. ಕೋಶದ ಒಳಗಿನ ದೊಡ್ಡ ನೀರಿನ ಚೀಲ ಹೊರಗಿನ ನೀರನ್ನು ಎಳೆದುಕೊಂಡು ಗೋಡೆಯನ್ನು ಒಳಗಿನಿಂದ ಒತ್ತುತ್ತದೆ. ಈ ಒತ್ತಡ ಎಷ್ಟು ಅಂದುಕೊಂಡಿದ್ದೀರಿ? ಸಾಮಾನ್ಯವಾಗಿ ಕಾರಿನ ಟಯರಿನ ಗಾಳಿಯ ಒತ್ತಡಕ್ಕಿಂತ ಎರಡು ಮೂರು ಪಟ್ಟು ಜಾಸ್ತಿ. ಕಣ್ಣಿಗೆ ಕಾಣದ ಒಂದು ಕೋಶದೊಳಗೆ ಅಷ್ಟು ಬಲ. ಮುರಕಲ್ಲಿನ ಸಂದಿಯಲ್ಲಿ ಹಲಸಿನ ಸಸಿಯ ಬೇರು ಇಳಿಯುವುದು ಈ ಬಲದಿಂದಲೇ.

ಇಲ್ಲೊಂದು ತೊಡಕು ಇದೆ. ನೀರಿನ ಒತ್ತಡಕ್ಕೆ ದಿಕ್ಕಿಲ್ಲ. ಅದು ಎಲ್ಲ ಕಡೆಗೂ ಒಂದೇ ಸಮ ಒತ್ತುತ್ತದೆ. ಹಾಗಾದರೆ ಕೋಶ ಚೆಂಡಿನ ಹಾಗೆ ಉಬ್ಬಬೇಕಿತ್ತು, ಅಲ್ವಾ? ಉಬ್ಬದಿರುವುದಕ್ಕೆ ಕಾರಣ ಗೋಡೆ. ಗೋಡೆಯಲ್ಲಿ ಸೆಲ್ಯುಲೋಸ್ ಎಂಬ ನಾರು ಇದೆ. ಹತ್ತಿಬಟ್ಟೆಯಲ್ಲಿ ಇರುವುದೂ ಅದೇ ಸೆಲ್ಯುಲೋಸ್. ಈ ನಾರನ್ನು ಎಳೆದರೆ ಅದು ಉದ್ದವಾಗುವುದಿಲ್ಲ. ನಾರಿನ ನಡುವೆ ಪೆಕ್ಟಿನ್ ಮುಂತಾದ ಮೆತ್ತನೆಯ ಅಂಟು. ಉದ್ದವಾಗುವ ಜಾಗದ ಕೋಶಗಳಲ್ಲಿ ನಾರು ಕೋಶದ ಉದ್ದಕ್ಕೆ ಅಡ್ಡವಾಗಿ, ಪೀಪಾಯಿಗೆ ಪಟ್ಟಿ ಹಾಕಿದ ಹಾಗೆ, ಸುತ್ತಿರುತ್ತದೆ. ಅಗಲ ಆಗಬೇಕಾದರೆ ನಾರು ತುಂಡಾಗಬೇಕು. ಉದ್ದ ಆಗಬೇಕಾದರೆ ಸುತ್ತಿನಿಂದ ಸುತ್ತು ಸ್ವಲ್ಪ ದೂರ ಸರಿದರೆ ಸಾಕು. ಸುಲಭದ ದಾರಿ ಉದ್ದಕ್ಕೇ ಇದೆ.

ಸರಿ, ನಾರಿಗೆ ದಿಕ್ಕು ತೋರಿಸುವವರು ಯಾರು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಕಥೆ ನನಗೆ ತುಂಬ ಇಷ್ಟ, ಯಾಕೆಂದರೆ ಅಲ್ಲಿ ಊಹೆ ಮೊದಲು ಬಂತು, ನೋಟ ಆಮೇಲೆ. ಅಮೆರಿಕದ ಪಾಲ್ ಗ್ರೀನ್ ನೈಟೆಲ್ಲಾ ಎಂಬ ಸಿಹಿನೀರಿನ ಪಾಚಿಯ ಮೇಲೆ ಕೆಲಸ ಮಾಡುತ್ತಿದ್ದರು. ಅದರ ಕೋಶಗಳು ಉದ್ದ ಕೊಳವೆಯ ಹಾಗಿರುತ್ತವೆ. ಅದಕ್ಕೆ ಕಾಲ್ಚಿಸಿನ್ ಎಂಬ ವಿಷ ಕೊಟ್ಟಾಗ ಕೋಶ ಉದ್ದಕ್ಕೆ ಬೆಳೆಯುವ ಬದಲು ಗುಂಡಗೆ ಉಬ್ಬಿತು. ಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎಳೆಯುವ ಎಳೆಗಳನ್ನು ಕಾಲ್ಚಿಸಿನ್ ಕೆಡಿಸುತ್ತದೆ ಎಂಬುದು ಆಗಲೇ ಗೊತ್ತಿತ್ತು. ಹಾಗಾದರೆ ಅಂಥದ್ದೇ ಎಳೆಗಳು ಒಡೆಯದ ಕೋಶದ ಅಂಚಿನಲ್ಲೂ ಇರಬೇಕು, ಅವೇ ಸೆಲ್ಯುಲೋಸಿಗೆ ದಾರಿ ತೋರಿಸುತ್ತಿರಬೇಕು ಅಂತ ಗ್ರೀನ್ 1962ರಲ್ಲಿ ಬರೆದರು. ಆಗ ಆ ಎಳೆಗಳನ್ನು ಗಿಡದ ಕೋಶದ ಅಂಚಿನಲ್ಲಿ ಯಾರೂ ನೋಡಿರಲಿಲ್ಲ.

ಮರುವರ್ಷವೇ ಅವು ಕಂಡವು. ಮೈರನ್ ಲೆಡ್‌ಬೆಟರ್ ಮತ್ತು ಕೀತ್ ಪೋರ್ಟರ್ ಇಬ್ಬರೂ ಒಂದು ಜಾತಿಯ ಹುಲ್ಲಿನ ಮತ್ತು ಜುನಿಪರ್ ಗಿಡದ ಬೇರಿನ ತುದಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮೊದಲಿನ ರಾಸಾಯನಿಕಗಳಲ್ಲಿ ಈ ಎಳೆಗಳು ಕರಗಿ ಹೋಗುತ್ತಿದ್ದವು. ಗ್ಲೂಟರಾಲ್ಡಿಹೈಡ್ ಎಂಬ ಹೊಸ ರಾಸಾಯನಿಕ ಬಂದಮೇಲೆ ಉಳಿದುಕೊಂಡವು. ಕೋಶದ ಪೊರೆಯ ಒಳಬದಿಗೆ ಅಂಟಿಕೊಂಡ ಹಾಗೆ ಸಣ್ಣ ಸಣ್ಣ ಕೊಳವೆಗಳು. ಪೊರೆಯ ಆಚೆ ಗೋಡೆಯಲ್ಲಿ ಸೆಲ್ಯುಲೋಸ್ ನಾರು. ಎರಡೂ ಒಂದೇ ದಿಕ್ಕಿಗೆ. ಕೊಳವೆಗಳಿಗೆ ಅವರಿಟ್ಟ ಹೆಸರು ಮೈಕ್ರೋಟ್ಯೂಬ್ಯೂಲ್. ನಮ್ಮ ಪಠ್ಯಗಳಲ್ಲಿ ಸೂಕ್ಷ್ಮನಳಿಕೆ ಅಂತಲೂ ಇದೆ. ನಾನು ಇಲ್ಲಿ ನಳಿಕೆ ಅಂತಲೇ ಬರೆಯುತ್ತೇನೆ.

ಕಾಲ್ಚಿಸಿನ್ ನಮಗೆ ದೂರದ ವಸ್ತುವೇನಲ್ಲ. ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ, ಕೆಂಪು ಹಳದಿ ಬೆಂಕಿಯ ನಾಲಗೆಯ ಹಾಗೆ ಅರಳುವ ಗೌರಿ ಹೂ ನೋಡಿದ್ದೀರಲ್ಲ, ಅಗ್ನಿಶಿಖೆ ಅನ್ನುವುದೂ ಅದನ್ನೇ. ಅದರ ಗೆಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಇದೆ. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಅಳೆದು ಕೊಡುವ ಮಾತ್ರೆ ಇದರದ್ದೇ. ಅಳತೆ ತಪ್ಪಿದರೆ ಜೀವ ತೆಗೆಯುವ ವಿಷವೂ ಹೌದು. ಆ ಗೆಡ್ಡೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಇದನ್ನು ನಾನು ಪ್ರತಿವರ್ಷ ತರಗತಿಯಲ್ಲೂ ಹೇಳುತ್ತೇನೆ.

ಈಗ ನಳಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟ್ಯೂಬ್ಯುಲಿನ್ ಎಂಬ ಪ್ರೋಟೀನು ಅದರ ಇಟ್ಟಿಗೆ. ಆಲ್ಫಾ ಒಂದು, ಬೀಟಾ ಒಂದು, ಎರಡೂ ಜೋಡಿಯಾಗಿರುತ್ತವೆ. ಈ ಜೋಡಿಗಳು ತುದಿಯಿಂದ ತುದಿಗೆ ಸೇರಿ ಸಾಲಾಗುತ್ತವೆ. ಸಾಮಾನ್ಯವಾಗಿ ಅಂಥ 13 ಸಾಲು ಪಕ್ಕಪಕ್ಕ ನಿಂತು ಟೊಳ್ಳು ಕೊಳವೆ ಆಗುತ್ತದೆ. ಅಗಲ 25 ನ್ಯಾನೋಮೀಟರ್. ನ್ಯಾನೋಮೀಟರ್ ಅಂದರೆ ಮೈಕ್ರಾನಿನ ಸಾವಿರದಲ್ಲಿ ಒಂದು ಪಾಲು. ನಮ್ಮ ಒಂದು ತಲೆಕೂದಲಿನ ದಪ್ಪಕ್ಕೆ ಸುಮಾರು ಮೂರು ಸಾವಿರ ನಳಿಕೆಗಳನ್ನು ಪಕ್ಕಪಕ್ಕ ಜೋಡಿಸಬಹುದು.

ಕೋಶದೊಳಗಿನ ಇಂಥ ನಳಿಕೆ, ಎಳೆಗಳಿಗೆಲ್ಲ ಸೇರಿ ಸೈಟೋಸ್ಕೆಲಿಟನ್ ಅನ್ನುತ್ತಾರೆ, ಅಂದರೆ ಕೋಶದ ಎಲುಬಿನ ಹಂದರ. ಈ ಹೆಸರು ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ ಅಂತ ನನ್ನ ಅಭಿಪ್ರಾಯ. ಎಲುಬು ಅಂದ ಕೂಡಲೇ ಗಟ್ಟಿ, ಸ್ಥಿರ, ಭಾರ ಹೊರುವ ವಸ್ತು ನೆನಪಾಗುತ್ತದೆ. ಗಿಡದ ಕೋಶದಲ್ಲಿ ಭಾರ ಹೊರುವ ಕೆಲಸ ಗೋಡೆಯದ್ದು. ನಳಿಕೆಗಳು ಒಂದು ಗಳಿಗೆಯೂ ಸುಮ್ನೆ ಇರುವುದಿಲ್ಲ. ಒಂದು ತುದಿಯಲ್ಲಿ ಟ್ಯೂಬ್ಯುಲಿನ್ ಸೇರುತ್ತಾ ನಿಮಿಷಕ್ಕೆ ಮೂರು ನಾಲ್ಕು ಮೈಕ್ರಾನ್ ಬೆಳೆಯುತ್ತವೆ. ಇದ್ದಕ್ಕಿದ್ದ ಹಾಗೆ ಆ ತುದಿ ಬಿಚ್ಚಿಕೊಂಡು, ಬೆಳೆದದ್ದಕ್ಕಿಂತ ಬೇಗ ಕುಸಿಯುತ್ತದೆ. ಮತ್ತೆ ಬೆಳೆಯುತ್ತದೆ. ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ 1984ರಲ್ಲಿ ಇದನ್ನು ತೋರಿಸಿದಾಗ, ನಳಿಕೆ ಎಂದರೆ ಹೀಗೂ ಇರಬಹುದು ಅಂತ ಹೆಚ್ಚಿನವರು ಎಣಿಸಿರಲಿಲ್ಲ.

ಗಿಡದ ಕೋಶದಲ್ಲಿ ಇನ್ನೊಂದು ವಿಶೇಷ ಇದೆ. ಕೆಸರಿನ ಗದ್ದೆ ದಾಟಲು ನಾಲ್ಕೇ ಅಡಿಕೆ ದಬ್ಬೆ ಇದ್ದರೆ ಏನು ಮಾಡುತ್ತೀರಿ? ಹಿಂದಿನದನ್ನು ಎತ್ತಿ ಮುಂದಿಡುತ್ತೀರಿ. ದಬ್ಬೆ ನಾಲ್ಕೇ, ಆದರೆ ದಾರಿ ಮುಂದೆ ಹೋಗುತ್ತದೆ. ಕೋಶದಂಚಿನ ನಳಿಕೆಗಳೂ ಹೀಗೆಯೇ, ಹಿಂದಿನ ತುದಿಯಲ್ಲಿ ಬಿಚ್ಚುತ್ತಾ ಮುಂದಿನ ತುದಿಯಲ್ಲಿ ಸೇರುತ್ತಾ ಪೊರೆಯ ಮೇಲೆ ಸರಿಯುತ್ತವೆ. ನಡುವಿನ ಇಟ್ಟಿಗೆಗಳು ಇದ್ದಲ್ಲೇ ಇರುತ್ತವೆ, ನಳಿಕೆ ಮಾತ್ರ ನಡೆದು ಹೋದ ಹಾಗೆ ಕಾಣುತ್ತದೆ. 2003ರಲ್ಲಿ ಸಿಡ್ನಿ ಶಾ ಮತ್ತು ಸಂಗಡಿಗರು ಇದನ್ನು ಜೀವಂತ ಸಸಿಯಲ್ಲೇ ನೋಡಿದರು. ಆ ಸಸಿ ಅರಬಿಡಾಪ್ಸಿಸ್, ಸಾಸಿವೆಯ ಬಳಗದ ಒಂದು ಪುಟ್ಟ ಕಳೆ. ಜೆಲ್ಲಿ ಫಿಶ್‌ನಿಂದ ಸಿಕ್ಕಿದ ಹಸಿರು ಹೊಳೆಯುವ ಪ್ರೋಟೀನನ್ನು ಟ್ಯೂಬ್ಯುಲಿನ್ನಿಗೆ ಅಂಟಿಸಿದರೆ ನಳಿಕೆಗಳು ಮೈಕ್ರೋಸ್ಕೋಪಿನಲ್ಲಿ ಮಿನುಗುತ್ತವೆ.

ನಳಿಕೆ ಇಷ್ಟು ಚಂಚಲ ಆದರೆ ನೂರಾರು ನಳಿಕೆಗಳು ಒಂದೇ ದಿಕ್ಕಿಗೆ ಸಾಲಾಗುವುದು ಹೇಗೆ? ನಮ್ಮ ನಿಮ್ಮ ಕೋಶಗಳಲ್ಲಿ ಸೆಂಟ್ರೋಸೋಮ್ ಎಂಬ ಒಂದು ಕೇಂದ್ರ ಇದೆ. ಹೆಚ್ಚಿನ ನಳಿಕೆಗಳು ಅಲ್ಲಿಂದ ಹೊರಡುತ್ತವೆ. ಹೂಬಿಡುವ ಗಿಡಗಳ ಕೋಶದಲ್ಲಿ ಅಂಥ ಕೇಂದ್ರ ಇಲ್ಲವೇ ಇಲ್ಲ. ಸಾಲು ಮಾಡಿಸುವ ಯಜಮಾನ ಯಾರೂ ಇಲ್ಲ.

ಪರ್ಯಾಯ ಉತ್ಸವದ ರಾತ್ರಿ ಉಡುಪಿಯ ರಥಬೀದಿಯಲ್ಲಿ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಅಷ್ಟು ಜನರಲ್ಲಿ ಒಬ್ಬರಿಗೂ ಇಡೀ ಬೀದಿ ಕಾಣುವುದಿಲ್ಲ. ಆದರೂ ಜನ ಒಂದೇ ದಿಕ್ಕಿಗೆ ಹರಿಯತೊಡಗುತ್ತಾರೆ. ಸ್ವಲ್ಪ ಓರೆಯಾಗಿ ಬಂದವರನ್ನು ಹರಿವು ತನ್ನ ಜೊತೆ ಎಳೆದುಕೊಳ್ಳುತ್ತದೆ. ನೇರ ಅಡ್ಡ ಬಂದವರು ಒಂದೋ ತೂರಿಕೊಂಡು ದಾಟಬೇಕು, ಇಲ್ಲ ಹಿಂದೆ ಸರಿಯಬೇಕು. ರಾಮ್ ದೀಕ್ಷಿತ್ ಮತ್ತು ರಿಚರ್ಡ್ ಸೈರ್ 2004ರಲ್ಲಿ ತಂಬಾಕಿನ ಕೋಶಗಳಲ್ಲಿ ಕಂಡದ್ದು ಇದನ್ನೇ. ಬೆಳೆಯುತ್ತಿರುವ ನಳಿಕೆ ಇನ್ನೊಂದಕ್ಕೆ ತಾಗಿದಾಗ ನಡುವಿನ ಕೋನ ಸುಮಾರು 40 ಡಿಗ್ರಿಗಿಂತ ಕಡಿಮೆ ಇದ್ದರೆ, ಅದು ಬಾಗಿ ಆ ನಳಿಕೆಯ ಪಕ್ಕದಲ್ಲೇ ಬೆಳೆಯತೊಡಗುತ್ತದೆ. ಕೋನ ಅದಕ್ಕಿಂತ ಹೆಚ್ಚಿದ್ದರೆ ಒಂದೋ ದಾಟುತ್ತದೆ, ಇಲ್ಲ ಕುಸಿಯುತ್ತದೆ. ಸಾಲಿನಲ್ಲಿ ಸೇರಿದವು ಬಾಳುತ್ತವೆ, ಅಡ್ಡ ಬಂದವು ಹೆಚ್ಚಾಗಿ ಅಳಿಯುತ್ತವೆ. ಇಷ್ಟೇ ನಿಯಮ ಸಾವಿರ ಸಲ ನಡೆದರೆ ಸಾಲು ತಾನಾಗಿ ಮೂಡುತ್ತದೆ.

ಹೊಸ ನಳಿಕೆಗಳು ಹುಟ್ಟುವುದು ಹೆಚ್ಚಾಗಿ ಹಳೆಯದರ ಮೈಮೇಲೆ, ಕೊಂಬೆ ಒಡೆದ ಹಾಗೆ, ಅದೂ ಸುಮಾರು 40 ಡಿಗ್ರಿ ಕೋನದಲ್ಲಿ. ಆ ಕೊಂಬೆಯನ್ನು ಬುಡದಲ್ಲಿ ಕತ್ತರಿಸಿ ಬಿಡಿಸುವ ಒಂದು ಪ್ರೋಟೀನು ಇದೆ. ಹೆಸರು ಕಟಾನಿನ್. ಜಪಾನಿನ ಕಟಾನಾ ಕತ್ತಿಯಿಂದ ಬಂದ ಹೆಸರು. ಈ ಕತ್ತಿ ಇಲ್ಲದ ಅರಬಿಡಾಪ್ಸಿಸ್ ಗಿಡದಲ್ಲಿ ನಳಿಕೆಗಳು ಅಡ್ಡಾದಿಡ್ಡಿ ಬೀಳುತ್ತವೆ, ಕೋಶಗಳು ಗಿಡ್ಡ ಮತ್ತು ದಪ್ಪ ಆಗುತ್ತವೆ. ಅಂಥ ಒಂದು ಗಿಡಕ್ಕೆ ವಿಜ್ಞಾನಿಗಳು ಬೊಟೆರೊ ಅಂತ ಹೆಸರಿಟ್ಟರು. ಕೊಲಂಬಿಯಾದ ಚಿತ್ರಕಾರ ಫೆರ್ನಾಂಡೊ ಬೊಟೆರೊ ಗುಂಡುಗುಂಡಾದ ಜನರನ್ನು ಬಿಡಿಸುತ್ತಿದ್ದರು.

ಸಾಲು ಮೂಡುತ್ತದೆ ಸರಿ, ಅದು ಅಡ್ಡಕ್ಕೇ ಯಾಕೆ ನಿಲ್ಲಬೇಕು? ಇಲ್ಲಿ ಕೋಶದ ಆಕಾರವೂ ಅದರ ಮೇಲಿನ ಎಳೆತವೂ ಕೆಲಸ ಮಾಡುತ್ತವೆ. ತೋಟಕ್ಕೆ ನೀರು ಬಿಡುವ ಪೈಪು ಒತ್ತಡ ಹೆಚ್ಚಾಗಿ ಒಡೆದದ್ದನ್ನು ನೆನಪು ಮಾಡಿಕೊಳ್ಳಿ. ಅದು ಉದ್ದಕ್ಕೆ ಸೀಳುತ್ತದೆ. ಯಾಕೆಂದರೆ ಒಳಗಿನಿಂದ ಒತ್ತಡ ಬಿದ್ದ ಕೊಳವೆಯ ಗೋಡೆಯಲ್ಲಿ, ಉದ್ದಕ್ಕೆ ಇರುವ ಎಳೆತಕ್ಕಿಂತ ಸುತ್ತಳತೆಯ ಎಳೆತ ಎರಡು ಪಟ್ಟು. ಬೇರಿನ ಉದ್ದ ಕೋಶವೂ ಅಂಥದ್ದೇ ಕೊಳವೆ. ನಳಿಕೆಗಳಿಗೆ ಹೆಚ್ಚು ಎಳೆತ ಇರುವ ದಿಕ್ಕಿಗೆ ಸಾಲಾಗುವ ಗುಣ ಇದೆ ಎಂದು ಒಲಿವಿಯೆ ಅಮಾಂ ಮತ್ತು ಸಂಗಡಿಗರು 2008ರಲ್ಲಿ ಕಾಂಡದ ಚಿಗುರಿನಲ್ಲಿ ತೋರಿಸಿದರು. ಎಲ್ಲಿ ಒಡೆಯುವ ಅಪಾಯ ಹೆಚ್ಚೋ ಆ ದಿಕ್ಕಿಗೇ ಸುತ್ತು ಬೀಳುತ್ತದೆ. ಸುತ್ತು ಬಿದ್ದದ್ದರಿಂದ ಕೋಶ ಇನ್ನಷ್ಟು ಉದ್ದವಾಗುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಳಿಕೆ ಇರುವುದು ಪೊರೆಯ ಒಳಗೆ, ನಾರು ಇರುವುದು ಹೊರಗೆ. ಎರಡಕ್ಕೂ ಸಂಬಂಧ ಹೇಗೆ? ಪೊರೆಯಲ್ಲೇ ಹೂತುಕೊಂಡ ಪುಟ್ಟ ಯಂತ್ರಗಳಿವೆ. ಆರು ಎಸಳಿನ ಹೂವಿನ ಹಾಗೆ ಕಾಣುತ್ತವೆ. ಒಳಗಿನಿಂದ ಸಕ್ಕರೆ ತೆಗೆದುಕೊಂಡು ಹೊರಗೆ ಸೆಲ್ಯುಲೋಸ್ ನಾರು ಹೊಸೆಯುವುದು ಇವುಗಳ ಕೆಲಸ. 2006ರಲ್ಲಿ ಅಲೆಕ್ಸ್ ಪರೆಡೆಜ್, ಕ್ರಿಸ್ ಸಮರ್‌ವಿಲ್ ಮತ್ತು ಡೇವಿಡ್ ಎರ್‌ಹಾರ್ಟ್ ಈ ಯಂತ್ರಕ್ಕೆ ಒಂದು ಬಣ್ಣ, ನಳಿಕೆಗೆ ಇನ್ನೊಂದು ಬಣ್ಣ ಕೊಟ್ಟು ಜೀವಂತ ಸಸಿಯಲ್ಲಿ ನೋಡಿದರು. ಯಂತ್ರಗಳು ನಳಿಕೆಯ ಹಾದಿಯಲ್ಲೇ ಸಾಗುತ್ತಿದ್ದವು. ಗ್ರೀನ್ ಅವರ ಊಹೆ 44 ವರ್ಷದ ನಂತರ ಕಣ್ಣೆದುರು ನಡೆಯಿತು. ಯಂತ್ರವನ್ನೂ ನಳಿಕೆಯನ್ನೂ ಹಿಡಿದಿಡುವ ಕೊಂಡಿಯಂಥ ಪ್ರೋಟೀನು ಕೂಡ 2010ರ ಹೊತ್ತಿಗೆ ಸಿಕ್ಕಿತು.

ಯಂತ್ರದ ವೇಗ ನಿಮಿಷಕ್ಕೆ ಸುಮಾರು 300 ನ್ಯಾನೋಮೀಟರ್. 20 ಮೈಕ್ರಾನ್ ಅಗಲದ ಕೋಶಕ್ಕೆ ಒಂದು ಸುತ್ತು ಬರಲು ಮೂರೂವರೆ ಗಂಟೆ ಬೇಕು. ಅದನ್ನು ತಳ್ಳುವುದು ನಳಿಕೆ ಅಲ್ಲ. ಹೊಸೆದ ನಾರು ಗೋಡೆಗೆ ಅಂಟಿ ನಿಲ್ಲುತ್ತದೆ, ಮುಂದಿನ ನಾರು ಹೊರಬರುವಾಗ ಯಂತ್ರ ತಾನೇ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಹಾಗಾಗಿ ನಳಿಕೆಗಳನ್ನು ಕರಗಿಸಿದರೆ ಸೆಲ್ಯುಲೋಸ್ ನಿಲ್ಲುವುದಿಲ್ಲ. ನಾರು ತಯಾರಾಗುತ್ತಲೇ ಇರುತ್ತದೆ, ಬೇರಿನ ತುದಿ ಮಾತ್ರ ಉಬ್ಬಿ ಗದೆಯ ಹಾಗೆ ಆಗುತ್ತದೆ. ಮೂಡೆಗೆ ಎಲೆ ಕಡಿಮೆಯಾದದ್ದಲ್ಲ, ಸುತ್ತು ತಪ್ಪಿದ್ದು. ಪೆಂಡಿಮೆಥಲಿನ್ ಎಂಬ ಕಳೆನಾಶಕದ ಹೆಸರು ನಮ್ಮ ರೈತರಿಗೆ ಗೊತ್ತು. ಅದು ಕಳೆಯನ್ನು ಕೊಲ್ಲುವುದು ಹೀಗೆಯೇ. ಗಿಡದ ಟ್ಯೂಬ್ಯುಲಿನ್ ನಳಿಕೆಯಾಗದಂತೆ ತಡೆಯುತ್ತದೆ. ಮೊಳಕೆಯಲ್ಲೇ ಕಳೆಯ ಬೇರು ದಪ್ಪಗಾಗಿ ನಿಂತುಬಿಡುತ್ತದೆ. ಕಳೆ ಎದ್ದ ಮೇಲೆ ಹೊಡೆದರೆ ಪ್ರಯೋಜನ ಕಡಿಮೆ ಅನ್ನುವುದಕ್ಕೂ ಕಾರಣ ಇದರಲ್ಲೇ ಇದೆ.

ಒಡೆಯುವ ಜಾಗದ ಕೋಶಗಳಲ್ಲಿ ಇದೇ ನಳಿಕೆಗಳಿಗೆ ಬೇರೆ ಬೇರೆ ಕೆಲಸ. ಕೋಶ ಒಡೆಯುವ ಮೊದಲು ಅವು ನಡುವಿಗೆ ಬಂದು ಉಡಿದಾರದಂತೆ ಒಂದು ಪಟ್ಟಿ ಕಟ್ಟುತ್ತವೆ. 1966ರಲ್ಲಿ ಪಿಕೆಟ್-ಹೀಪ್ಸ್ ಮತ್ತು ನಾರ್ತ್‌ಕೋಟ್ ಗೋಧಿಯ ಸಸಿಯಲ್ಲಿ ಇದನ್ನು ಕಂಡರು. ಮೇಸ್ತ್ರಿ ಕಲ್ಲು ಇಡುವ ಮೊದಲು ನೂಲು ಹಿಡಿಯುತ್ತಾರಲ್ಲ, ಹಾಗೆ. ಆಮೇಲೆ ನೂಲು ತೆಗೆದ ಹಾಗೆ ಪಟ್ಟಿ ಮಾಯವಾಗುತ್ತದೆ. ನಳಿಕೆಗಳು ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುತ್ತವೆ. ಅದು ಮುಗಿದಮೇಲೆ ನಡುವಿನಲ್ಲಿ ಮತ್ತೆ ಸೇರಿ ಗೋಡೆಯ ಸಾಮಾನು ತುಂಬಿದ ಪುಟ್ಟ ಚೀಲಗಳನ್ನು ಒಂದೆಡೆಗೆ ತರುತ್ತವೆ. ಹೊಸ ಗೋಡೆ ನಡುವಿನಿಂದ ಅಂಚಿನ ಕಡೆಗೆ ಬೆಳೆದು, ನೂಲು ಹಿಡಿದಿದ್ದ ಜಾಗಕ್ಕೇ ಹೋಗಿ ಸೇರುತ್ತದೆ. ಬೇರಿನ ಕೋಶಗಳು ಕಟ್ಟಡದ ಕಲ್ಲಿನಂತೆ ಸಾಲಾಗಿ ನಿಂತಿರುವುದು ಇದರಿಂದ.

ಇನ್ನು ಆ್ಯಕ್ಟಿನ್. ಸೈಟೋಸ್ಕೆಲಿಟನ್ನಿನ ಇನ್ನೊಂದು ಪಾಲು ಅದು. ನಳಿಕೆಗಿಂತ ತೆಳು ಎಳೆ, ಸುಮಾರು 7 ನ್ಯಾನೋಮೀಟರ್. ಬೇರಿನ ಉದ್ದವಾಗುವ ಕೋಶದಲ್ಲಿ ನಳಿಕೆಗಳು ಅಡ್ಡಕ್ಕೆ ಇದ್ದರೆ ಆ್ಯಕ್ಟಿನ್ ಹಗ್ಗಗಳು ಹೆಚ್ಚಾಗಿ ಉದ್ದಕ್ಕೆ ಇರುತ್ತವೆ. ಇವು ಸಾಮಾನು ಸಾಗಿಸುವ ದಾರಿಗಳು. ಮಯೋಸಿನ್ ಎಂಬ ಪ್ರೋಟೀನು ಈ ಹಗ್ಗದ ಮೇಲೆ ಸಾಗುತ್ತಾ ಚೀಲಗಳನ್ನೂ ಕೋಶದ ಇತರ ಭಾಗಗಳನ್ನೂ ಎಳೆದೊಯ್ಯುತ್ತದೆ. ಅದರ ಜೊತೆ ಕೋಶದೊಳಗಿನ ರಸವೇ ಹರಿಯುತ್ತದೆ. 1774ರಲ್ಲೇ ಇಟಲಿಯ ಬೊನಾವೆಂಟುರಾ ಕೊರ್ಟಿ ಈ ಹರಿವನ್ನು ಪಾಚಿಯಲ್ಲಿ ನೋಡಿದ್ದರು. ಹೈಡ್ರಿಲ್ಲಾ ಎಂಬ ನೀರುಗಿಡದ ಒಂದು ಎಲೆಯನ್ನು ಕಾಲೇಜಿನ ಸಾಮಾನ್ಯ ಮೈಕ್ರೋಸ್ಕೋಪಿನ ಕೆಳಗಿಡಿ. ಸ್ವಲ್ಪ ಬೆಳಕು ಬಿದ್ದಮೇಲೆ ಹಸಿರು ಕಣಗಳು ಗೋಡೆಯ ಬದಿಯಲ್ಲಿ ಸಾಲುಗಟ್ಟಿ ಸುತ್ತು ಹಾಕುವುದು ಕಾಣುತ್ತದೆ. ಅದನ್ನು ನೋಡಿದ ಮಕ್ಕಳು ಎಲೆಯನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡುವುದಿಲ್ಲ.

ಆ್ಯಕ್ಟಿನ್ನಿನ ದೊಡ್ಡ ಕೆಲಸ ಬೇರಿನ ಕೂದಲಿನಲ್ಲಿ. ಒಂದು ಕೂದಲು ಅಂದರೆ ಒಂದೇ ಕೋಶದಿಂದ ಹೊರಗೆ ಚಾಚಿದ ಬೆರಳು. ಅದು ಬೆಳೆಯುವ ರೀತಿ ಮೂಡೆಯ ಹಾಗಲ್ಲ. ಬದಿಗಳು ಗಟ್ಟಿ, ತುದಿ ಮಾತ್ರ ಮೆತ್ತಗೆ. ಆ್ಯಕ್ಟಿನ್ ಹಗ್ಗಗಳು ಗೋಡೆಯ ಸಾಮಾನಿನ ಚೀಲಗಳನ್ನು ತುದಿಯ ಹತ್ತಿರ ತಂದುಬಿಡುತ್ತವೆ. ತುದಿಯಲ್ಲಿ ದಪ್ಪ ಹಗ್ಗ ಇರುವುದಿಲ್ಲ, ಸಣ್ಣ ಎಳೆಗಳು ಮಾತ್ರ. ಅಲ್ಲಿ ಕ್ಯಾಲ್ಸಿಯಂ ಹೆಚ್ಚು. ಚೀಲಗಳು ಒಂದೊಂದಾಗಿ ಪೊರೆಗೆ ಸೇರಿ ತುದಿ ನಿಮಿಷಕ್ಕೆ ಒಂದು ಮೈಕ್ರಾನಿನಷ್ಟು ಮುಂದೆ ಹೋಗುತ್ತದೆ. ಕೆಂಪು ಸಮುದ್ರದ ಸ್ಪಂಜಿನಿಂದ ಸಿಕ್ಕಿದ ಲಟ್ರುಂಕ್ಯುಲಿನ್ ಎಂಬ ವಸ್ತು ಆ್ಯಕ್ಟಿನ್ ಎಳೆಗಳನ್ನು ಕಟ್ಟಲು ಬಿಡುವುದಿಲ್ಲ. ಅದನ್ನು ಕೊಟ್ಟರೆ ಕೂದಲು ಬೆಳೆಯುವುದು ನಿಲ್ಲುತ್ತದೆ.

ಬೇರಿನ ಕೋಶ ಹಿರಿದಾಗುತ್ತಾ ತುದಿಯಿಂದ ದೂರವಾಗುತ್ತಿದ್ದ ಹಾಗೆ ನಳಿಕೆಗಳು ಅಡ್ಡ ದಿಕ್ಕು ಬಿಟ್ಟು ಓರೆಯಾಗುತ್ತವೆ, ಕೊನೆಗೆ ಉದ್ದಕ್ಕೆ ತಿರುಗುತ್ತವೆ. ಆ ಹೊತ್ತಿಗೆ ಕೋಶದ ಬೆಳವಣಿಗೆ ನಿಧಾನವಾಗಿ ನಿಂತಿರುತ್ತದೆ. ನಳಿಕೆ ತಿರುಗುವ ಕಾಲ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನಿನ ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದ ಲೆಫ್ಟಿ ಎಂಬ ಅರಬಿಡಾಪ್ಸಿಸ್ ಗಿಡ ಸಾಕ್ಷಿ. ಆಲ್ಫಾ ಟ್ಯೂಬ್ಯುಲಿನ್ನಿನ ಸರಪಳಿಯ ಒಂದೇ ಒಂದು ಕೊಂಡಿ, ಅಂದರೆ ಒಂದು ಅಮೈನೋ ಆಮ್ಲ, ಬದಲಾಗಿತ್ತು. ಉದ್ದವಾಗುವ ಜಾಗದಲ್ಲೇ ನಳಿಕೆಗಳು ಒಂದು ಕಡೆಗೆ ಓರೆಯಾದವು. ಬೇರು ಇನ್ನೊಂದು ಕಡೆಗೆ, ಎಡಕ್ಕೆ, ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಬೆಳೆಯಿತು. ಸುತ್ತಿನ ಓರೆ ಇಡೀ ಗಿಡದ ನಡಿಗೆಯನ್ನೇ ಬದಲಿಸಿತು.

ನಮ್ಮ ಮಣ್ಣಿನ ವಿಷಯ ಹೇಳದೆ ಇದನ್ನು ಬಿಡಲು ನನಗೆ ಮನಸ್ಸಿಲ್ಲ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಸಾವಿರಾರು ವರ್ಷದ ಮಳೆ ಮಣ್ಣಿನ ಸುಣ್ಣದ ಅಂಶವನ್ನೂ ಬೇರೆ ಲವಣಗಳನ್ನೂ ತೊಳೆದು ಸಮುದ್ರಕ್ಕೆ ಒಯ್ದಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಕೆಂಪು ಮುರಮಣ್ಣು. ಮಣ್ಣು ಹುಳಿಯಾಗಿ, ಪಿಎಚ್ 5ಕ್ಕಿಂತ ಕೆಳಗೆ ಹೋದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ತಾಗುತ್ತದೆ. ಅದು ಹೆಚ್ಚು ಕಾಡುವುದು ಬೇರಿನ ತುದಿಯನ್ನು, ಅದರಲ್ಲೂ ಕೋಶಗಳು ಒಡೆಯುವುದನ್ನು ಬಿಟ್ಟು ಉದ್ದವಾಗಲು ಶುರು ಮಾಡುವ ಆ ಗಡಿ ಜಾಗವನ್ನು. ಮೆಕ್ಕೆಜೋಳದ ಬೇರಿನಲ್ಲಿ ನೋಡಿದಾಗ ನಳಿಕೆಗಳ ಸಾಲು ಕೆಡುವುದು, ಆ್ಯಕ್ಟಿನ್ ಕಟ್ಟಿಕೊಳ್ಳುವ ರೀತಿ ಬದಲಾಗುವುದು ಕಂಡಿದೆ. ಗೋಡೆಯ ಪೆಕ್ಟಿನ್ನಿಗೂ ಅಲ್ಯೂಮಿನಿಯಂ ಅಂಟಿಕೊಂಡು ಅದನ್ನು ಗಡುಸು ಮಾಡುತ್ತದೆ. ಬೇರು ಗಿಡ್ಡವಾಗುತ್ತದೆ, ದಪ್ಪವಾಗುತ್ತದೆ, ಆಳಕ್ಕೆ ಹೋಗುವುದಿಲ್ಲ. ಮಳೆಗಾಲ ಮುಗಿದು ಎರಡು ತಿಂಗಳಿಗೇ ಗಿಡ ಬಾಡತೊಡಗಿದರೆ ಮೇಲೆ ನೀರು ಹಾಕಿದ್ದು ಸಾಲದು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಕಾರಣ ಕೆಳಗೆ ಇರುತ್ತದೆ. ಅಡಿಕೆ ತೋಟಕ್ಕೆ ಹಿರಿಯರು ಸುಣ್ಣ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಹುಳಿ ಇಳಿದರೆ ಅಲ್ಯೂಮಿನಿಯಂ ಮತ್ತೆ ಮಣ್ಣಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಎಷ್ಟು ಸುಣ್ಣ ಅಂತ ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು. ತಗ್ಗಿನ ಬೈಲು ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನ ಹುಳಿ ತಾನಾಗಿ ಇಳಿಯುತ್ತದೆ, ಹಾಗಾಗಿ ಅಲ್ಲಿ ಭತ್ತಕ್ಕೆ ಈ ಕಾಟ ಅಷ್ಟಿಲ್ಲ. ಎತ್ತರದ ಬೆಟ್ಟು ಗದ್ದೆ ಮತ್ತು ಗುಡ್ಡೆಯ ತೋಟದ ಮಾತು ಬೇರೆ.

ಜುಲೈಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ಕಿತ್ತು, ಬೇರಿನ ಕೆಸರನ್ನು ನೀರಿನಲ್ಲಿ ಅಲುಬಿ ಕಟ್ಟು ಮಾಡುವಾಗ ಬೇರಿನ ತುದಿಗಳೂ ಕೂದಲೂ ಎಷ್ಟೋ ಹರಿದು ಹೋಗುತ್ತವೆ. ನಾಟಿ ಮುಗಿದ ಮೇಲೆ ಕೆಲವು ದಿನ ಗದ್ದೆ ಹಳದಿಯಾಗಿ, ಸೋತ ಹಾಗೆ ಕಾಣುವುದು ಅದಕ್ಕೇ. ದೊಡ್ಡಮ್ಮ ಆ ದಿನಗಳಲ್ಲಿ ಕಟ್ಟೆಯ ಮೇಲೆ ನಿಂತು ನೋಡಿ, "ಬೇರು ಹಿಡಿಯಲಿ, ಈಗಲೇ ಗೊಬ್ಬರ ಬೇಡ" ಅನ್ನುತ್ತಾರೆ. ನೇಜಿಯ ಬುಡದಿಂದ ಆಗ ಹೊಸ ಬಿಳಿ ಬೇರುಗಳು ಕೆಸರಿಗೆ ಇಳಿಯುತ್ತಿರುತ್ತವೆ. ಪ್ರತಿ ಬೇರಿನ ತುದಿಯ ಹಿಂದೆ ಸಾವಿರಾರು ಕೋಶಗಳು, ಪ್ರತಿ ಕೋಶದಂಚಿನಲ್ಲಿ ನಳಿಕೆಗಳು ಕುಸಿಯುತ್ತಾ, ಬೆಳೆಯುತ್ತಾ, ಸಾಲು ಸೇರುತ್ತಾ, ಮೂರೂವರೆ ಗಂಟೆಗೆ ಒಂದು ಸುತ್ತಿನಂತೆ ನಾರು ಸುತ್ತಿಸುತ್ತಿರುತ್ತವೆ. ವಾರದೊಳಗೆ ಗದ್ದೆ ಮತ್ತೆ ಹಸಿರಾಗುತ್ತದೆ.